ರಾಜ ಏಳಬೇಕಾದ ಹೊತ್ತು

ಇವತ್ತು ಬೆಳಿಗ್ಗೆ ನಮ್ಮ ಮನೆಯಲ್ಲಿ ಬೇಳೆ ತಳ ಹತ್ತಿತು. ಕಿಟಕಿಗಳನ್ನೆಲ್ಲ ತೆರೆದಿಟ್ಟರೂ ಆ ವಾಸನೆ ಇನ್ನೂ ಕರ್ಟನ್‌ಗೆ ಅಂಟಿಕೊಂಡು ಕೂತಿದೆ. ಒಲೆಯಿಂದ ಹತ್ತು ಹೆಜ್ಜೆ ದೂರದಲ್ಲೇ ನಾನಿದ್ದೆ. ಯಜಮಾನರು ಹಾಲ್‌ನಿಂದ ಕೂಗಿಯೂ ಹೇಳಿದ್ದರು. ಆದರೂ ಏಳಲಿಲ್ಲ. ಐವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಏಳದೆ ಕೂತಳೆಂದರೆ ಅದಕ್ಕೊಂದು ಕಾರಣ ಇರಬೇಕಲ್ಲ, ಕೇಳಿ.

ಕಾರಣ ನನ್ನ ತೊಡೆಯ ಮೇಲಿದ್ದ ಟ್ಯಾಬ್. ಮೊಮ್ಮಗಳು ರಜೆಗೆಂದು ಶಾಮನೂರಿನ ನಮ್ಮ ಮನೆಗೆ ಬಂದಾಗ ಅದರಲ್ಲಿ ಚೆಸ್ ಕಲಿಸುವ ಸಾಫ್ಟ್‌ವೇರ್ ಹಾಕಿಕೊಟ್ಟು ಹೋಗಿದ್ದಾಳೆ. ಬರೀ ಆಡಿಸುವುದಲ್ಲ, ಸ್ಟ್ರಾಟೆಜಿಯನ್ನು ಲೆಸನ್ ಲೆಸನ್ ಮಾಡಿ ಹೇಳಿಕೊಡುತ್ತದೆ, ಟೆಸ್ಟ್ ಇಡುತ್ತದೆ, ರಿಪೋರ್ಟ್ ಕಾರ್ಡ್ ಕೊಡುತ್ತದೆ. ಕಾನ್ವೆಂಟ್ ಬಿಟ್ಟ ಮೇಲೆ ನನಗೆ ರಿಪೋರ್ಟ್ ಕಾರ್ಡ್ ಕೊಟ್ಟವರು ಅತ್ತೆಯವರೊಬ್ಬರೇ. ತಪ್ಪು ನಡೆಸಿದರೆ ಕಾಯಿಯ ಪಕ್ಕ ಕೆಂಪು ಗುರುತು ಮೂಡಿಸಿ ‘ಬ್ಲಂಡರ್’ ಎನ್ನುತ್ತದೆ. ನಮ್ಮ ಸಿಸ್ಟರ್‌ಗಳಿಗೆ ಬೈಯುವ ಮುಂಚೆ ‘ಮೈ ಡಿಯರ್ ಚೈಲ್ಡ್’ ಎನ್ನುವಷ್ಟು ಮ್ಯಾನರ್ಸ್ ಆದರೂ ಇತ್ತು.

ಮೊದಲ ತಿಂಗಳ ರಿಪೋರ್ಟ್ ಹೀಗಿತ್ತು: ಓಪನಿಂಗ್ ಗುಡ್, ಮಿಡಲ್‌ಗೇಮ್ ಫೇರ್, ಎಂಡ್‌ಗೇಮ್ ವೆರಿ ವೀಕ್. ಮೈಯೆಲ್ಲ ಉರಿಯಿತು. ವೀಕ್ ಇರದೆ ಇನ್ನೇನು? ಆಟದ ಕೊನೆಯನ್ನು ನನಗೆ ನೋಡಲು ಬಿಟ್ಟಿದ್ದರೆ ತಾನೆ.

ಮದುವೆಯಾದ ಹೊಸತರಲ್ಲಿ ನಾವು ಹರಿಹರದಲ್ಲಿದ್ದೆವು. ಮಾವನವರು ಪ್ರತಿ ಭಾನುವಾರ ಗುತ್ತೂರಿನ ಮೇಷ್ಟ್ರೊಬ್ಬರ ಜೊತೆ ಪಡಸಾಲೆಯಲ್ಲಿ ಚೆಸ್ ಆಡುತ್ತಿದ್ದರು. ಮಂಡಕ್ಕಿ ಇಡುವ ನೆಪ, ಟೀ ಲೋಟ ತೆಗೆಯುವ ನೆಪ ಮಾಡಿಕೊಂಡು ಬಾಗಿಲಲ್ಲಿ ನಿಂತು ನೋಡಿ ನೋಡಿಯೇ ನಾನು ಆಟ ಕಲಿತದ್ದು. ಕಾಯಿಗಳು ಕಡಿಮೆಯಾಗಿ, ಇಬ್ಬರೂ ಮಾತು ನಿಲ್ಲಿಸಿ, ಇನ್ನೇನು ಏನೋ ಆಗುತ್ತದೆ ಎನ್ನುವಾಗ ಮಾವನವರು ತಟ್ಟೆ ಹಾಕಲು ಹೇಳುತ್ತಿದ್ದರು. ಹಾಕಿ ಬರುವಷ್ಟರಲ್ಲಿ ರಾಜರಿಬ್ಬರೂ ಡಬ್ಬಿಯೊಳಗೆ. ಶುರು ಮಾಡಿದ್ದನ್ನು ಮುಗಿಸದೆ ಏಳಬಾರದೆಂದು ಎಂಬ್ರಾಯ್ಡರಿ ಕಲಿಸಿದ ಸಿಸ್ಟರ್ ಹೇಳುತ್ತಿದ್ದರು. ಆ ತಾಯಿಗೆ ಸಂಸಾರ ಇರಲಿಲ್ಲ, ಪಾಪ.

ಒಂದು ಭಾನುವಾರ ಮೇಷ್ಟ್ರು ಬರಲಿಲ್ಲ. ಮಾವನವರು ಜೋಡಿಸಿಟ್ಟ ಕಾಯಿಗಳನ್ನೇ ನೋಡುತ್ತ ಕೂತಿದ್ದವರು ಬಾಗಿಲ ಕಡೆ ತಿರುಗಿದರು. “ನಿನಗೆ ಆಡಾಕೆ ಬರ್ತೈತೇನವ್ವ? ಬಾ, ಕೂಡು.”

ಆ ಮನೆಯಲ್ಲಿ ನನ್ನನ್ನು ಕೂಡು ಎಂದವರು ಅವರೊಬ್ಬರೇ. ಅದನ್ನು ನಾನು ಮರೆತಿಲ್ಲ. ಮರೆತಿದ್ದರೆ ಸಿಟ್ಟೂ ಇಷ್ಟು ಬಾಳುತ್ತಿರಲಿಲ್ಲ.

ಎರಡು ಗಂಟೆ ಆಡಿದೆವು. ಕೊನೆಗೆ ಉಳಿದದ್ದು ನನ್ನ ರಾಜ, ಎರಡು ಕಾಲಾಳು. ಅವರ ರಾಜ, ಒಂದು ಕುದುರೆ. ಕಾಲಾಳು ತುದಿಯ ಮನೆ ಮುಟ್ಟಿದರೆ ಮಂತ್ರಿಯಾಗುತ್ತದಲ್ಲ, ನನ್ನವು ಅರ್ಧ ದಾರಿ ನಡೆದಿದ್ದವು. ಮಾವನವರು ಬಹಳ ಯೋಚಿಸಿ, ಅಂಚಿನ ಸಾಲಿನಲ್ಲಿದ್ದ ಕಾಲಾಳನ್ನು ಕುದುರೆಯಿಂದ ಹೊಡೆದರು. ಆ ಕುದುರೆಯನ್ನು ನಾನು ರಾಜನಿಂದಲೂ ಹೊಡೆಯಬಹುದಿತ್ತು, ಉಳಿದ ಕಾಲಾಳಿನಿಂದಲೂ ಹೊಡೆಯಬಹುದಿತ್ತು. ಕೈ ಎತ್ತಿದ್ದೆ. ಮಾವನವರು ಮೂಗು ಮೇಲೆತ್ತಿದರು.

“ಒಲೆ ಮ್ಯಾಲೆ ಏನೋ ತಳ ಹತ್ತಿದ ವಾಸ್ನೆ ಐತೆ, ನೋಡವ್ವ.”

ಓಡಿದೆ. ಏನೂ ಹತ್ತಿರಲಿಲ್ಲ; ಬೇಳೆ ಇನ್ನೂ ಬೆಂದೇ ಇರಲಿಲ್ಲ. ವಾಪಸ್ ಬಂದು, ಮುಂದಿನ ಮಾತು ತಟ್ಟೆಯದೇ ಎನ್ನುವ ಗಾಬರಿಯಲ್ಲಿ, ಕಾಲಾಳಿನಿಂದ ಹೊಡೆದೆ; ಅದು ಅಂಚಿನ ಸಾಲಿಗೆ ಸರಿಯಿತು. ಸಣ್ಣ ಕೆಲಸಕ್ಕೆ ದೊಡ್ಡವರನ್ನು ಎಬ್ಬಿಸಬಾರದಲ್ಲ. ಸೊಸೆಯ ಕೈ ತಾನಾಗಿಯೇ ಕಿರಿಯರ ಕಡೆ ಹೋಯಿತು. ಮಾವನವರು ತಮ್ಮ ರಾಜನನ್ನು ಮೂಲೆಯ ಕಡೆಗೆ ಒಂದು ಮನೆ ಸರಿಸಿ ಹೇಳಿದರು: “ಡ್ರಾ ಅಂತ ಇಟ್ಕಳಾಣ. ತಟ್ಟೆ ಹಾಕವ್ವ.”

ಅಷ್ಟಾದರೆ ಬಿಡುತ್ತಿದ್ದೆ. ಹುಡುಗಿ ಬೇಜಾರಾದಾಳೆಂದು ತಾವೇ ಡ್ರಾ ಕೊಟ್ಟದ್ದಾಗಿ ಮುಂದಿನ ವಾರ ಮೇಷ್ಟ್ರಿಗೆ ಹೇಳಿದರು. ಆಮೇಲೆ ಬಳಗದ ಯಾವ ಸೀಮಂತ, ಯಾವ ನಾಮಕರಣದಲ್ಲೂ ಅದೇ ಕಥೆ. ಅವರು ತೀರಿಕೊಂಡ ಮೇಲೆ ಯಜಮಾನರು ಅದನ್ನು ವಹಿಸಿಕೊಂಡರು. ಅಪ್ಪನದು ದೊಡ್ಡ ಮನಸ್ಸು ಎಂದು ಕೊನೆಗೊಂದು ಸಾಲನ್ನೂ ಸೇರಿಸಿದರು. ನನ್ನ ಕೈಯಲ್ಲಿ ಒಂದು ಕಾಲಾಳು ಹೆಚ್ಚಿತ್ತು, ಅವರು ನನಗೆ ಕೊಟ್ಟರಂತೆ! ಗೆಲ್ಲುವ ಆಟವನ್ನು ಕಿತ್ತುಕೊಂಡರೆಂದು ಇಷ್ಟು ವರ್ಷ ಒಳಗೇ ಕುದಿದಿದ್ದೇನೆ. ಅಂದೇ ಕ್ಯಾಲೆಂಡರ್ ಹಾಳೆಯ ಹಿಂದೆ ಮನೆಗಳನ್ನು ಗೀಚಿ, ಕಾಯಿಗಳ ಜಾಗ ಗುರುತು ಮಾಡಿ ಇಟ್ಟಿದ್ದೆ.

ಇವತ್ತು ಬೆಳಿಗ್ಗೆ ಆ ಹಾಳೆ ನೋಡಿಕೊಂಡು ಟ್ಯಾಬಿನಲ್ಲಿ ಕಾಯಿ ಜೋಡಿಸಿದೆ. ಮೊದಲು, ಮಾವನವರು ಆಟ ನಿಲ್ಲಿಸಿದ ಜಾಗ. ಡ್ರಾ ಎಂದಿತು. ಅಂಚಿನ ಸಾಲಿನ ಕಾಲಾಳೊಂದೇ ಉಳಿದು, ಎದುರಿನ ರಾಜ ಮೂಲೆ ಹಿಡಿದು ಕೂತರೆ ಅವನನ್ನು ಎಬ್ಬಿಸಲು ಬರುವುದಿಲ್ಲವಂತೆ. ಹಾಗಾದರೆ ಅವರು ಹೇಳಿದ್ದೇ ಸರಿಯೇ? ಒಂದು ನಡೆ ಹಿಂದಕ್ಕೆ ಹೋದೆ. ನಾನು ಕಾಲಾಳಿನಿಂದ ಹೊಡೆದಲ್ಲಿ ಕೆಂಪು ಗುರುತು. ಬ್ಲಂಡರ್. ರಾಜನಿಂದ ಹೊಡೆದಿದ್ದರೆ ಕಾಲಾಳು ಒಳಸಾಲಿನಲ್ಲೇ ಉಳಿದು ಗೆಲುವು. ಕೆಳಗೆ ಇಂಗ್ಲಿಷಿನಲ್ಲಿ ಪಾಠ: ಎಂಡ್‌ಗೇಮಿನಲ್ಲಿ ರಾಜ ಕೂತಿರಬಾರದು, ಎದ್ದು ಕೆಲಸ ಮಾಡಬೇಕು.

ನೋಡಿದಿರಾ? ಕೆಂಪು ಗುರುತು ಬಿದ್ದದ್ದು ಸರಿಯಾಗಿ ಆ ತಳ ಹತ್ತಿದ ವಾಸನೆಯ ಮೇಲೆ. ಡ್ರಾ ಅವರು ಕೊಟ್ಟದ್ದಲ್ಲ, ನನ್ನನ್ನು ಅಡುಗೆಮನೆಗೆ ಓಡಿಸಿ ಗಿಟ್ಟಿಸಿಕೊಂಡದ್ದು. ಹೋಗಲಿ, ಊಟವಾದ ಮೇಲೆ ಕೂರಿಸಿಕೊಂಡು ನನ್ನ ತಪ್ಪನ್ನು ತೋರಿಸಬಹುದಿತ್ತು. ಐದು ನಿಮಿಷ ಸಾಕಿತ್ತು. ಅದು ದೊಡ್ಡ ಮನಸ್ಸು.

ಅಷ್ಟು ಹೊತ್ತಿಗೇ ಹಾಲ್‌ನಿಂದ ಯಜಮಾನರ ದನಿ, ಏನೋ ತಳ ಹತ್ತಿದಂಗೈತೆ ನೋಡು ಎಂದು. ಅಪ್ಪನದೇ ಮೂಗು. “ನೀವೇ ಎದ್ದು ನೋಡ್ರಿ” ಎಂದೆ. ಎದ್ದರು. ಈ ಸಲ ನಿಜವಾಗಿಯೂ ಹತ್ತಿತ್ತು.

ಪಾತ್ರೆ ನೆನೆಹಾಕಿ ಬಂದವರಿಗೆ ಎಲ್ಲ ತೋರಿಸಿದೆ. ಬಹಳ ಹೊತ್ತು ನೋಡಿದರು. ಅಂದೂ ವಾಸನೆ ಬಂದಿದ್ದಿರಬಹುದಲ್ಲ ಎಂದು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. ಆಮೇಲೆ ಕಪಾಟಿನ ಮೇಲಿಂದ ಮಾವನವರ ಮರದ ಹಲಗೆ ಇಳಿಸಿ, ಲುಂಗಿಯ ಅಂಚಿನಿಂದ ಧೂಳು ಒರೆಸಿ ಎದುರಿಗೆ ಕೂತರು.

“ಅಪ್ಪನ ಬದ್ಲು ನಾನು ಆಡ್ತೀನಿ. ಹೆಂಗಿತ್ತೋ ಹಂಗೇ ಇಡು.”

ಇಟ್ಟೆ. ಕುದುರೆಯನ್ನು ರಾಜನಿಂದ ಹೊಡೆದೆ. ರಾಜ ಮುಂದೆ ಮುಂದೆ ದಾರಿ ಬಿಡಿಸುತ್ತ ಹೋದ, ಕಾಲಾಳು ಹಿಂದೆ ಹಿಂದೆ ನಡೆಯಿತು. ಇನ್ನೆರಡು ಮನೆ ಇದೆ ಎನ್ನುವಾಗ ಯಜಮಾನರು ಗಡಿಯಾರದ ಕಡೆ ನೋಡಿದರು.

“ಹೊತ್ತಾತು. ಡ್ರಾ ಅಂತ ಇಟ್ಕಳಾಣೇನು?”

“ಬ್ಯಾಡ್ರಿ,” ಎಂದೆ. “ಆಡ್ರಿ.”