ಅವ್ವನ ಮಿರ್ಚಿ, ಮಿಲ್ಲಿನ ಎಣ್ಣೆ

ಆಗ ಚಳ್ಳಕೆರೆಗೆ ಬಂದವರಿಗೆ ಮೊದಲು ಎದುರಾಗುತ್ತಿದ್ದದ್ದು ಎಣ್ಣೆ ಮಿಲ್ಲುಗಳ ಶೇಂಗಾ ಹಿಂಡಿಯ ವಾಸನೆ. ಅಲ್ಲೇ ಹುಟ್ಟಿ ಬೆಳೆದ ನಮಗೆ ಅದು ವಾಸನೆ ಅಂತಲೇ ಅನ್ನಿಸುತ್ತಿರಲಿಲ್ಲ. ಸಂಜೆಯಾದರೆ ಅವ್ವ ಬಸ್ ನಿಲ್ದಾಣದ ಪಕ್ಕ ಬಾಣಲೆ ಇಡುತ್ತಿದ್ದಳು. ಮೆಣಸಿನಕಾಯಿ ಸೀಳಿ, ಹುಣಸೆಹಣ್ಣು, ಓಂಕಾಳು, ಉಪ್ಪು ಅರೆದು ಒಳಗೆ ಹಚ್ಚಿ, ಕಡ್ಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುವಳು. ಅರ್ಧ ಬೆಂದಾಗ ತೆಗೆದು ಆರಲು ಬಿಟ್ಟು, ಗಿರಾಕಿ ಬಂದಾಗ ಮತ್ತೆ ಕರಿಯುವಳು. ಮಂಡಕ್ಕಿ ಜೊತೆ ಅದನ್ನು ತಿನ್ನಲು ಬಸ್ಸು ತಪ್ಪಿಸಿಕೊಂಡವರನ್ನು ನಾನೇ ನೋಡಿದ್ದೇನೆ. ಅಪ್ಪ ಇಲ್ಲದ ನಮ್ಮ ಮನೆಗೆ ಆಸ್ತಿ ಅಂತ ಇದ್ದದ್ದು ಅವ್ವನ ಆ ಕೈರುಚಿ ಒಂದೇ.

ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಒಂದು ಮಿಲ್ಲಿನವರು ತಮ್ಮ ಎಣ್ಣೆಗೆ ಹೆಸರಿಟ್ಟು ಪ್ಯಾಕೆಟ್ಟಿನಲ್ಲಿ ಮಾರಲು ಹೊರಟರು. ಎಣ್ಣೆಗೂ ಒಂದು ಹೆಸರಿರುತ್ತದೆ ಎಂಬುದು ನಮಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮ್ಯಾನೇಜರ್ ಅವ್ವನನ್ನು ಹುಡುಕಿಕೊಂಡು ಬಂದ.

"ಅಕ್ಕಾ, ನಮ್ಮ ವ್ಯಾನಿನ ಜೊತೆ ಊರೂರಿಗೆ ಬಾ. ನಮ್ಮ ಎಣ್ಣೆಯಾಗೆ ಮಿರ್ಚಿ ಕರಿ, ಜನಕ್ಕೆ ಪುಕ್ಕಟೆ ಹಂಚ್ತೀವಿ. ಪ್ರಚಾರ ಆಗ್ತೈತೆ."

"ಯಾರಿಗ್ರಿ ಪ್ರಚಾರ?" ಅವ್ವ ನಕ್ಕಳು.

"ಇಬ್ರಿಗೂ ಆಗ್ತೈತೆ, ಬಾರಕ್ಕ."

ರಜೆಯಾದ್ದರಿಂದ ನಾನೂ ವ್ಯಾನು ಹತ್ತಿದೆ. ನನ್ನಿವಾಳ, ಬಿ.ಜಿ. ಕೆರೆ, ಎಲ್ಲಿ ಹೋದರೂ ಮೈಕಿನ ಸದ್ದಿಗೆ ಜನ ಮುತ್ತಿಕೊಳ್ಳುತ್ತಿದ್ದರು. ಅವ್ವನ ಪಕ್ಕ ನಿಂತು, ಇವಳು ನಮ್ಮವ್ವ ಅಂತ ಎಲ್ಲರಿಗೂ ಹೇಳಬೇಕೆನಿಸುತ್ತಿತ್ತು.

ಮೊಳಕಾಲ್ಮೂರಿನಲ್ಲಿ ಒಬ್ಬ ಅಜ್ಜಿ ಎರಡನೇ ಮಿರ್ಚಿ ತಿಂದು, "ಬಾಗುಂದಮ್ಮಾ, ಚೆನ್ನಾಗೈತೆ! ಏನು ಕೈ ತಾಯಿ ನಿಂದು!" ಎಂದಳು.

ಮೈಕು ಹಿಡಿದಿದ್ದವನು ಊರಿಗೆಲ್ಲ ಕೇಳುವಂತೆ ಕೂಗಿದ: "ಕೈ ಅಲ್ಲಜ್ಜೀ, ಎಣ್ಣೆ! ಈ ಎಣ್ಣೆಯಾಗೆ ಯಾರು ಕರಿದ್ರೂ ಇದೇ ರುಚಿ!"

ಜನ ಚಪ್ಪಾಳೆ ತಟ್ಟಿದರು. ಅವ್ವ ಬಾಣಲೆಯಿಂದ ತಲೆ ಎತ್ತಲಿಲ್ಲ. ಆಮೇಲೆ ಪ್ರತಿ ಊರಲ್ಲೂ ಅವನು ಅದೇ ಮಾತು ಹೇಳತೊಡಗಿದ.

"ಅವ್ವ, ಅವನು ಸುಳ್ಳು ಹೇಳ್ತಾನೆ. ನೀನ್ಯಾಕೆ ಸುಮ್ನಿದ್ದೆ?" ವಾಪಸ್ಸು ಬರುವಾಗ ಕೇಳಿದೆ.

"ಅವರ ಎಣ್ಣೆ ಅವರು ಹೊಗಳ್ಕಂತಾರೆ. ನಮಗೇನು ಕಮ್ಮಿ ಆಗ್ತೈತೆ?"

ಆದರೆ ಕಮ್ಮಿಯಾಯಿತು. ಅವ್ವ ಮತ್ತೆ ಬಸ್ ನಿಲ್ದಾಣದ ಪಕ್ಕ ಒಲೆ ಹೂಡಿದಾಗ ಜನ, "ಏನಕ್ಕ, ಇವತ್ತು ಪುಕ್ಕಟೆ ಇಲ್ವಾ?" ಎಂದು ತಮಾಷೆ ಮಾಡಿದರು. ಬರಬರುತ್ತಾ, "ಆ ಎಣ್ಣೆ ನಾವೂ ತಂದೀವಿ, ಮನ್ಯಾಗೇ ಮಾಡ್ಕಂತೀವಿ" ಎಂದು ಮುಂದೆ ಹೋದರು. ಅವರ ಮನೆಗಳಲ್ಲಿ ಆ ರುಚಿ ಬಂತೋ ಇಲ್ಲವೋ ಕಾಣೆ. ಬರದಿದ್ದರೂ ಎಣ್ಣೆಯನ್ನು ಯಾರೂ ಬೈಯಲಿಲ್ಲ. ದೀಪಾವಳಿಗೆ ಮುಂಚೆಯೇ ಬಾಣಲೆ ಅಟ್ಟ ಸೇರಿತು, ಅವ್ವ ಅದೇ ಮಿಲ್ಲಿಗೆ ಶೇಂಗಾ ಆರಿಸಲು ಹೋದಳು.

ಈಗ ಆ ಮಿಲ್ಲು ಮುಚ್ಚಿದೆ. ಎಣ್ಣೆಯ ಹೆಸರು ಹೇಳಿದರೆ ಹಳಬರ ಮುಖ ಅರಳುತ್ತದೆ, ಕರಿದವಳ ಹೆಸರು ಯಾರಿಗೂ ನೆನಪಿಲ್ಲ. ಅದನ್ನಾದರೂ ಸಹಿಸಿಕೊಳ್ಳಬಹುದು. ಮೊನ್ನೆ ನಾನೇ ಮಿರ್ಚಿ ಕರಿದೆ. ಮೆತ್ತಗಾದವು.

"ನಿನ್ನಂಗೆ ಬರಲ್ಲವ್ವ" ಎಂದೆ.

ಅವ್ವ ಒಂದು ತುಂಡು ಬಾಯಿಗಿಟ್ಟುಕೊಂಡು, ನನಗೆ ಸಮಾಧಾನ ಹೇಳುವವಳಂತೆ ಅಂದಳು: "ನಿಂದೇನು ತಪ್ಪಿಲ್ಲ ಬಿಡು. ಆಗಿನ ಎಣ್ಣೆ ಚೆನ್ನಾಗಿತ್ತು."