ಇನ್ನೂ ಬಾರದ ಪಿಕಪ್ಪಿನ ಟೈರು

ನಮ್ಮ ದೊಡ್ಡಪ್ಪನ ಮಗ ಗಾಡಿದಾರಿಗೆ ಅಡ್ಡವಾಗಿ ಆಳವಾದ ಟ್ರೆಂಚು ಹೊಡೆಸಿದ್ದು ನಾವು ರೇಷ್ಮೆ ಗೂಡು ಬಿಡಿಸಿ ಮುಗಿಸಿದ ದಿನವೇ. ಬೇಕಂತಲೇ ಆ ದಿನ ಆರಿಸಿಕೊಂಡಿದ್ದ, ಪುಣ್ಯಾತ್ಮ. ಮಾಗಡಿ ತಾಲ್ಲೂಕು, ಗುಡೇಮಾರನಹಳ್ಳಿ ಕಡೆ ನಮ್ಮ ಜಮೀನು. ಅವನದು ರಸ್ತೆ ಪಕ್ಕ, ನನ್ನದು ಅದರ ಹಿಂದೆ. ತಾತನ ಕಾಲದಿಂದ ಅವನ ಹೊಲದ ಅಂಚಿನಲ್ಲೇ ನಮ್ಮ ದಾರಿ. ಬದು ಸರಿಸಿದ್ದೀಯ ಅಂತ ನಾಲ್ಕು ಜನರ ಮುಂದೆ ನಾನು ಅಂದುಬಿಟ್ಟಿದ್ದೆ, ಅದಕ್ಕೇ ಈ ಉರಿ.

ಪಿಕಪ್ಪು ರಸ್ತೆಯಲ್ಲೇ ನಿಂತಿತು, ಹೊಲದಲ್ಲಿ ಕಾಲಿಡಲೂ ಅವನು ಬಿಡಲಿಲ್ಲ. ನಾನೂ ನನ್ನ ಹೆಂಡತಿಯೂ ಗೂಡು ತುಂಬಿದ ಮೂಟೆಗಳನ್ನು ತಲೆ ಮೇಲೆ ಹೊತ್ತು, ಎರಡೂ ಹೊಲದ ಪಕ್ಕಕ್ಕೆ ಹರಿಯುವ ಹಳ್ಳದೊಳಗೆ ಮೊಣಕಾಲುದ್ದ ನೀರಲ್ಲಿ ನಡೆದೆವು. ಅವಳು ಜಾರಿ ಬಿದ್ದಳು. ಎರಡು ಮೂಟೆ ನೆನೆದು ತೊಪ್ಪೆಯಾಯಿತು. ಅವನು ಬದುವಿನ ಮೇಲೆ ನಿಂತು ಬೀಡಿ ಸೇದುತ್ತಾ ನೋಡಿದ. ರಾಮನಗರದ ಮಾರ್ಕೆಟ್ಟಿನಲ್ಲಿ ನೂಲು ತೆಗೆಯುವ ರೀಲರುಗಳು ನಮ್ಮ ಗೂಡನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಹಾಗೇ ಇಟ್ಟು ಮುಂದಕ್ಕೆ ಹೋದರು. ಆವತ್ತು ವಾಪಸ್ ಬರುವಾಗ ತೀರ್ಮಾನ ಮಾಡಿದೆ. ಇವನ ಕಣ್ಣೆದುರಿಗೇ, ಇದೇ ಹಳ್ಳದೊಳಗೆ ಗಾಡಿ ಓಡಿಸಿ ಗೂಡು ಸಾಗಿಸಬೇಕು.

ನನ್ನ ಹಳೇ ಪಿಕಪ್ಪಿಗೆ ಅದು ಆಗದ ಮಾತು. ಸವೆದು ನುಣ್ಣಗಾದ ಟೈರು, ಏರು ಕಂಡರೆ ಕೆಮ್ಮುವ ಎಂಜಿನ್ನು. ಆಗ ಮೊಬೈಲಿನಲ್ಲಿ ಸುದ್ದಿ ಕಂಡಿತು. ಯಾವುದೋ ಕಂಪನಿ ಕಲ್ಲು, ಕೆಸರು, ನೀರು ಏನೇ ಇದ್ದರೂ ನುಗ್ಗುವ ಹೊಸ ಪಿಕಪ್ಪು ತರುತ್ತದಂತೆ. ಇನ್ನೂ ಬಂದಿಲ್ಲ. ಮೈ ತುಂಬ ಕಪ್ಪುಬಿಳಿ ಸ್ಟಿಕ್ಕರ್ ಅಂಟಿಸಿಕೊಂಡು ಯಾವುದೋ ಗುಡ್ಡದ ಮೇಲೆ ನಿಂತಿರುವ ಒಂದು ಮಸುಕು ಫೋಟೋ, ಅಷ್ಟೇ. ಆ ಫೋಟೋ ಇಟ್ಟುಕೊಂಡು ಮಾಗಡಿಯ ಟೈರ್ ಅಂಗಡಿಯ ಗೆಳೆಯನ ಜೊತೆ ಎಷ್ಟು ಮಧ್ಯಾಹ್ನ ಕಳೆದೆನೋ ಲೆಕ್ಕವಿಲ್ಲ. ಎಂಜಿನ್ನು ಡೀಸೆಲ್ಲೇ ಅಂತ ನಾನು, ಈ ಸಲ ಬ್ಯಾಟರಿನೂ ಸೇರಿಸ್ತಾರೆ ಅಂತ ಅವನು.

"ಎಂಜಿನ್ ಏನಾರ ಆಗ್ಲಿ ಕಣ್ಲಾ, ನೆಲ ಹಿಡಿಯೋದು ಟೈರು," ಅನ್ನುತ್ತಿದ್ದ. ಫೋಟೋ ದೊಡ್ಡದು ಮಾಡಿ ಟೈರಿನ ಗುಬುಟುಗಳನ್ನು ಎಣಿಸುತ್ತಿದ್ದೆವು. ನನ್ನ ಹೆಂಡತಿ, "ಇಲ್ದಿರೋ ಗಾಡಿಗೆ ಅದೆಷ್ಟ್ ಸಲ ಗಾಳಿ ಹೊಡಿತೀಯ?" ಅಂತ ಬೈದಳು. ಬೈಯಲಿ, ಹಳ್ಳದಲ್ಲಿ ಬಿದ್ದವಳು ಅವಳು.

ಒಂದು ದಿನ ಟೀ ಅಂಗಡಿಯಲ್ಲಿ ದೊಡ್ಡಪ್ಪನ ಮಗ ನನಗೆ ಬೆನ್ನು ಹಾಕಿ ಕೂತಿದ್ದ. ಅವನ ಕಿವಿಗೆ ಬೀಳಲಿ ಅಂತಲೇ ಅಂಗಡಿಯವನಿಗೆ ಗಟ್ಟಿಯಾಗಿ ಹೇಳಿದೆ: "ಹೊಸ ಗಾಡಿ ನಾಲ್ಕೂ ಚಕ್ರಕ್ಕೆ ಪವರಂತೆ. ಹಳ್ಳಗಿಳ್ಳ ಎಲ್ಲ ಅದಕ್ಕೆ ಟಾರ್ ರೋಡು." ವಾರದೊಳಗೆ ಹಳ್ಳಕ್ಕೆ ನಾಲ್ಕು ಕಲ್ಲುಗುಂಡು ಬಂದು ಬಿದ್ದವು. ಅಬ್ಬಾ, ಆ ಖುಷಿ! ಮುಂದಿನ ಸಲ ಟೈರನ್ನು ಸೊಂಟದ ಎತ್ತರಕ್ಕೆ ಬೆಳೆಸಿದೆ. ಅವನು ಜೆಸಿಬಿ ತರಿಸಿ ಇನ್ನೂ ದಪ್ಪ ಗುಂಡು ಉರುಳಿಸಿದ. ಎದೆಮಟ್ಟ ನೀರಲ್ಲೂ ಉಸಿರಾಡುವ ಎಂಜಿನ್ನು ಅಂದೆ, ಇನ್ನೊಂದು ಸಾಲು ಬಿತ್ತು. ಕಂಪನಿಯವರಿಗೇ ಗೊತ್ತಿಲ್ಲದ ಟೈರನ್ನೆಲ್ಲ ನಾನು ಟೀ ಅಂಗಡಿಯಲ್ಲಿ ತಯಾರು ಮಾಡಿದೆ. ಅವನಿಗೆ ನಿದ್ದೆ ಇಲ್ಲ ಅಂತ ಯಾರೋ ಅಂದರು. ನನಗೆ ಮಾತ್ರ ಸೊಗಸಾಗಿ ಬರುತ್ತಿತ್ತು.

ಆ ವರ್ಷ ಮಳೆ ಜೋರಾಯಿತು. ಒಂದು ಸಂಜೆ ಹಳ್ಳದ ನೀರು ಗುಂಡುಗಳಿಗೆ ಬಡಿದು, ಮುಂದೆ ಹೋಗಲು ಜಾಗವಿಲ್ಲದೆ, ಅವನ ಹಿಪ್ಪುನೇರಳೆ ತೋಟಕ್ಕೇ ತಿರುಗಿತು. ಬೆಳಗ್ಗೆ ನೋಡಿದರೆ ತೋಟವೆಲ್ಲ ಮರಳು. ಅವನ ಹುಳ ಆಗಷ್ಟೇ ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದಿದ್ದವು. ಆ ಹೊತ್ತಿನ ಹುಳಕ್ಕೆ ಹೊರೆ ಹೊರೆ ಸೊಪ್ಪು ಬೇಕು, ಒಂದು ದಿನ ತಪ್ಪಿದರೂ ಬೆಳೆ ಹೋಯಿತು. ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಆವತ್ತು ಎರಡು ಮುದ್ದೆ ಜಾಸ್ತಿ ಉಂಡೆ.

ಮಾರನೇ ದಿನ ಅವನು ಹಳ್ಳದಲ್ಲಿ ತನ್ನದೇ ಗುಂಡು ಹತ್ತಿಳಿದು, ಪಂಚೆ ಹಿಂಡುತ್ತಾ ಬಂದು ನಿಂತ. ನನ್ನ ಹುಳ ಆಗಲೇ ಗೂಡು ಕಟ್ಟಲು ಹತ್ತಿದ್ದವು, ಮೇಲಿನ ತೋಟದಲ್ಲಿ ಸೊಪ್ಪು ಹಾಗೇ ನಿಂತಿತ್ತು. ಅದು ಅವನಿಗೂ ಗೊತ್ತು. ಹಸಿದ ಹುಳಕ್ಕೆ ಸೊಪ್ಪು ಕೇಳಿದರೆ ನಮ್ಮ ಕಡೆ ಯಾರೂ ಇಲ್ಲ ಅನ್ನುವುದಿಲ್ಲ, ಕೇಳಿದವನು ಎಂಥ ಹಗೆಯಾದರೂ ಸರಿ. ನಾನೂ ಅನ್ನಲಿಲ್ಲ.

"ಕುಯ್ಕೋ ಅಣ್ಣ, ಎಷ್ಟ್ ಬೇಕೋ ಅಷ್ಟು," ಅಂದೆ. "ತಗೊಂಡೋಗಕ್ಕೆ ದಾರಿ ಎಲ್ಲೈತೆ?"

ಅವನ ಮುಖ ನೋಡಬೇಕಿತ್ತು. ಹೊರೆ ಹೊತ್ತು ಹಳ್ಳದಲ್ಲಿ ನಡೆಯೋಣ ಅಂದರೆ ಕಾಲಿಡಲು ಬಿಡದಂತೆ ಅವನದೇ ಗುಂಡುಗಳು. ನೆಲ ಹಸಿ, ಜೆಸಿಬಿ ಇಳಿಯುವಂತಿರಲಿಲ್ಲ. ಸನಿಕೆ ತಗೊಂಡು ತನ್ನ ಟ್ರೆಂಚನ್ನು ತಾನೇ ಮುಚ್ಚಿದ, ಮಧ್ಯಾಹ್ನದವರೆಗೂ. ನಾನು ಬದುವಿನ ಮೇಲೆ ಕೂತು ನೋಡಿದೆ. ಒಂದು ಮಂಕರಿ ಮಣ್ಣೂ ಹಾಕಲಿಲ್ಲ. ಆಮೇಲೆ ಐದು ದಿನ ಅವನ ಎತ್ತಿನಗಾಡಿಯಲ್ಲಿ ನನ್ನ ಸೊಪ್ಪು ಹೋಯಿತು.

ಆರನೇ ದಿನ ನಾನು ಗೂಡು ಬಿಡಿಸಿ, ಹಳೇ ಪಿಕಪ್ಪನ್ನು ಒಳಗೆ ತಂದು, ತುಂಬಿಕೊಂಡು ಅದೇ ದಾರಿಯಲ್ಲಿ ಹೊರಟೆ. ಅವನ ಹುಳಮನೆ ಹತ್ತಿರ ಬರುವಾಗ ಬೇಕಂತಲೇ ರೇಸ್ ಕೊಟ್ಟೆ. ಕರೀ ಹೊಗೆ ಕಕ್ಕಿತು. ಅವನು ಓಡಿ ಬಂದು ಅಡ್ಡ ನಿಂತ.

"ಹುಳ ಹಣ್ಣಾಯ್ತಾ ಅವೆ ಕಣ್ಲಾ, ಗೂಡು ಕಟ್ಟೋ ಹೊತ್ತು. ಹೊಗೆ ತಾಕುದ್ರೆ ಕೆಟ್ಟೋಯ್ತವೆ. ಒಸಿ ಎಂಜಿನ್ ಆಫ್ ಮಾಡು, ನಿನ್ ಕಾಲ್ ಹಿಡ್ಕೊತೀನಿ."

ಕಿಟಕಿಯಿಂದ ಅವನನ್ನೇ ನೋಡಿದೆ. ಆಕ್ಸಿಲರೇಟರನ್ನು ಇನ್ನೊಂದು ಸಲ ಒತ್ತಿದ್ದರೆ ಸಾಕಿತ್ತು, ನನ್ನ ಕಾಲು ಅದರ ಮೇಲೇ ಇತ್ತು. ಒಳಗೆ ಹುಳ ಸೊಪ್ಪು ಮೇಯುವ ಸದ್ದು ಕೇಳಿಸಿತು. ನನ್ನ ಸೊಪ್ಪು ತಿಂದು ಬೆಳೆದ ಹುಳ. ಅವುಗಳ ಮೇಲೆ ನನಗೇನು ಹಗೆ? ಎಂಜಿನ್ ಆಫ್ ಮಾಡಿದೆ.

ಆಫ್ ಮಾಡಿದ ಮೇಲೆ ಗಾಡಿ ಹೋಗಬೇಕಲ್ಲ. ನಾನು ಕೇಳದೆಯೇ ಅವನು ಹಿಂದಕ್ಕೆ ಹೋಗಿ ಗಾಡಿಯ ಹಿಂಬಾಗಿಲಿಗೆ ಭುಜ ಕೊಟ್ಟ. ಹಸಿ ಮಣ್ಣಿನಲ್ಲಿ ಆ ಬೋಳು ಟೈರು ಒಂದು ಗೇಣು ಸರಿದು ನಿಂತಿತು.

"ನೂಕ್ಲಾ!" ಅಂತ ಕಿರುಚಿದೆ.

ಹುಟ್ಟಿದಾಗಿನಿಂದ ಅಣ್ಣ ಅಂದವನಿಗೆ ಮೊದಲ ಸಲ ಹಾಗಂದೆ. ಅವನು ಪಂಚೆ ಎತ್ತಿ ಕಟ್ಟಿ ಮತ್ತೆ ಭುಜ ಒತ್ತಿದ. ರಸ್ತೆಯವರೆಗೂ ನೂಕಿದ.