ದೊಡ್ಡ ಕೋಣೆಗೆ ನಲವತ್ತು ನಿಮಿಷ

ನನ್ನ ವಾರಗಿತ್ತಿಗೆ ಅಳತೆಪಟ್ಟಿ ಎಂದು ಅಡ್ಡಹೆಸರಿಟ್ಟವಳು ನಾನೇ. ಮೈದುನನನ್ನು ಮದುವೆಯಾಗಿ ಬಂದ ಮೊದಲ ವಾರವೇ ಅವಳು ನನ್ನ ಅಡುಗೆಮನೆಯ ಕಪಾಟಿಗೆ ಕೈ ಹಾಕಿದಳು. ಡಬ್ಬಿಗಳನ್ನೆಲ್ಲ ನೆಲಕ್ಕಿಳಿಸಿ, ದೊಡ್ಡವನ್ನು ಮೊದಲು ಇಟ್ಟು, ಉಳಿದ ಸಂದಿಗಳಲ್ಲಿ ಚಿಕ್ಕವನ್ನು ತುರುಕಿದಳು. ಒಂದು ಅಂಕಣ ಪೂರ್ತಿ ಖಾಲಿ! "ಇಷ್ಟು ವರ್ಷ ನಿನಗೆ ಇದು ಹೊಳೀಲೇ ಇಲ್ವಲ್ಲೇ" ಎಂದರು ಅತ್ತೆ, ನನ್ನ ಕಡೆ ತಿರುಗಿ. ಅವತ್ತು ಹೊತ್ತಿಕೊಂಡ ಹೊಟ್ಟೆಕಿಚ್ಚು ಇವತ್ತಿಗೂ ಪೂರ್ತಿ ಆರಿಲ್ಲ, ಸುಳ್ಳು ಯಾಕೆ ಹೇಳಲಿ.

ಕಾಲೇಜಿನಲ್ಲಿ ಗಣಿತ ಓದುತ್ತಿದ್ದ ಹುಡುಗಿ. ಓದು ಮುಗಿಯುವ ಮೊದಲೇ ತಂದೆ ತೀರಿಕೊಂಡರು, ತಂಗಿಯರ ಶಾಲೆಗಾಗಿ ಬಟ್ಟೆ ಅಂಗಡಿ ಸೇರಿದಳು. ಮದುವೆಯಾದ ಮರುವರ್ಷ ಆ ಅಂಗಡಿಯೂ ಮುಚ್ಚಿತು. ಆಗ ನಾನು ಕೆಲಸ ಮಾಡುವ ಹೋಟೆಲಿಗೆ ಅವಳನ್ನು ಕರೆದುಕೊಂಡು ಹೋದವಳೂ ನಾನೇ. ನನ್ನ ಕಾಲಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡೆ.

ಅಲ್ಲಿ ಕೋಣೆ ಚೊಕ್ಕ ಮಾಡುವ ಹೆಂಗಸರು ನಾವು ಹನ್ನೊಂದು ಜನ. ಯಾರಿಗೆ ಯಾವ ಕೋಣೆ ಎಂದು ದಿನಾ ಬೆಳಿಗ್ಗೆ ಚೀಟಿ ಬರೆಯುವ ಅಧಿಕಾರ ನನ್ನದು. ಈ ಮಹಡಿ ನಿನಗೆ, ಆ ಮಹಡಿ ಅವಳಿಗೆ ಎಂದು ಹಂಚಿಬಿಡುತ್ತಿದ್ದೆ. ಒಬ್ಬಳು ಮಧ್ಯಾಹ್ನವೇ ಮುಗಿಸಿ ಕಾಲು ಚಾಚಿ ಕೂರುತ್ತಿದ್ದಳು, ಇನ್ನೊಬ್ಬಳು ಸಂಜೆ ಆರಾದರೂ ಹಾಸಿಗೆ ಕೊಡವುತ್ತಿದ್ದಳು. ನೋಡಿದ್ದೆ, ಆದರೂ ಚೀಟಿ ಬದಲಿಸುವ ಗೋಜಿಗೆ ಹೋಗಿರಲಿಲ್ಲ.

ಇವಳು ಬಂದು ಮೂರು ತಿಂಗಳಾಗಿತ್ತಷ್ಟೆ. "ಅಕ್ಕಾ, ಒಬ್ಬೊಬ್ಬರ ಎಂಟು ಗಂಟೇನ ಒಂದೊಂದು ಡಬ್ಬಿ ಅಂದ್ಕೊಳ್ಳಿ. ದೊಡ್ಡ ಕೋಣೆಗಳನ್ನ ಮೊದಲು ತುಂಬೋದು, ಮಿಕ್ಕ ಜಾಗಕ್ಕೆ ಸಣ್ಣವು. ಯಾರ ಡಬ್ಬೀಲೂ ಹಿಡಿಸದಿದ್ರೆ ಮಾತ್ರ ಇನ್ನೊಂದು ಡಬ್ಬಿ ತೆಗಿಯೋದು" ಎಂದಳು.

"ನಾವೇನು ಉಪ್ಪು, ಸಕ್ಕರೇನಾ, ಡಬ್ಬೀಲಿ ತುಂಬೋಕೆ?" ಎಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಅದಕ್ಕೆ ನನಗೆ ಮೈಯೆಲ್ಲ ಉರಿದುಹೋಯಿತು.

"ಒಂದು ದೊಡ್ಡ ಕೋಣೆಗೆ ಎಷ್ಟು ಹೊತ್ತು ಬೇಕು ಅಂತ ತಿಳೀಬೇಕಿತ್ತು. ನೀವು ಮಾಡೋದನ್ನೇ ನೋಡ್ತೀನಿ ಅಕ್ಕ" ಎಂದು ಗಡಿಯಾರ ಹಿಡಿದು ಬಾಗಿಲಲ್ಲಿ ನಿಂತಳು. ಇವಳೆದುರು ನಾನು ಸೋಲುವುದೇ? ತೋಳೇರಿಸಿದೆ. ಹಾಸಿಗೆ, ಬಚ್ಚಲು, ಕನ್ನಡಿ, ನೆಲ, ಎಲ್ಲಕ್ಕೂ ಉಸಿರು ಬಿಗಿಹಿಡಿದು ಓಡಾಡಿದೆ. ನಲವತ್ತು ನಿಮಿಷ! ಆಮೇಲೆ ಎರಡು ದಿನ ಸೊಂಟ ಹಿಡಿದುಕೊಂಡು ನರಳಿದೆ. ಅವಳು ನಲವತ್ತು ಎಂದು ಬರೆದುಕೊಂಡು ಹೋದಳು.

ಮರುವಾರ ಮ್ಯಾನೇಜರ್ ಇಬ್ಬರನ್ನೂ ಕರೆದರು. ಅವಳ ಲೆಕ್ಕದ ಚೀಟಿ ಅವರ ಮೇಜಿನ ಮೇಲಿತ್ತು.

"ಭೇಷ್! ಒಂಬತ್ತೇ ಜನ ಸಾಕು ಅಂತ ಬರ್ತಿದೆ. ಹಾಗಾದ್ರೆ ಕೊನೇಲಿ ಸೇರಿದ ಇಬ್ಬರನ್ನ ಬಿಡಿಸಬೇಕಾಗುತ್ತೆ." ಕೆಮ್ಮಿ, ಅವಳನ್ನು ನೋಡಿದರು. "ಅದ್ರಲ್ಲಿ ನೀನೂ ಒಬ್ಬಳಮ್ಮ. ಬೇಜಾರೇ, ಆದ್ರೆ ಎಲ್ಲರಿಗೂ ಒಂದೇ ಕ್ರಮ. ಹೋಗೋ ಮುಂಚೆ ಈ ಲೆಕ್ಕಾನ ಅಕ್ಕನಿಗೆ ಕಲಿಸಿಬಿಡು."

ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ನಿಮಿಷ ಎಣಿಸುತ್ತ ಕೂತವಳು ಹೆಚ್ಚುವರಿಯಾಗುವ ಇಬ್ಬರು ಯಾರೆಂದು ಯೋಚಿಸಿಯೇ ಇರಲಿಲ್ಲ. ನನಗೋ, ಹೇಳಲು ನಾಚಿಕೆ, ಹಾಲು ಕುಡಿದಷ್ಟು ಸಂತೋಷವಾಯಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಪೀಡೆ ತೊಲಗುತ್ತಿತ್ತು, ಚೀಟಿ ನನ್ನ ಕೈಯಲ್ಲೇ ಇರುತ್ತಿತ್ತು.

"ಲೆಕ್ಕ ತಪ್ಪಿರಬಹುದಾ?" ಎಂದು ಮ್ಯಾನೇಜರೇ ಕೇಳಿದರು.

"ಇಲ್ಲ ಸರ್. ಅಕ್ಕ ಮಾಡಿದ್ದನ್ನ ಕಣ್ಣಾರೆ ನೋಡಿದ್ದೀನಿ" ಎಂದಳು. "ನನಗೇ ಅಷ್ಟು ಕೈ ಓಡಲ್ಲ."

ಅಯ್ಯೋ, ಇವಳ ಮನೆ ಹಾಳಾಗ! ಬೈದಿದ್ದರೆ, ನನ್ನ ಮೇಲೆ ಬೆರಳು ತೋರಿಸಿದ್ದರೆ ಸುಮ್ಮನಿರುತ್ತಿದ್ದೆ. ನನ್ನ ಸುಳ್ಳನ್ನು ನಂಬಿಕೊಂಡು ತನ್ನ ಅನ್ನ ಬಿಡಲು ನಿಂತಿದ್ದಾಳಲ್ಲ.

"ಸರ್, ಆ ನಲವತ್ತು ಬರೀ ಸುಳ್ಳು. ಇವಳು ನೋಡ್ತಿದ್ದಾಳೆ ಅಂತ ಓಡಿದ್ದು. ಹೊಟ್ಟೆಕಿಚ್ಚಿಗೆ ಮಾಡ್ದೆ. ದಿನಾ ಹಾಗೆ ಮಾಡಿದ್ರೆ ನಾನು ವಾರದಲ್ಲಿ ಹಾಸಿಗೆ ಹಿಡೀತೀನಿ" ಎಂದೆ.

ಮಾರನೆಯ ದಿನ ಎಲ್ಲರೆದುರೂ ಮತ್ತೆ ಗಡಿಯಾರ ಹಿಡಿದರು. ಎಂದಿನಂತೆ ಮಾಡಿದೆ. ಐವತ್ತೇಳು. ಹೊಸ ಲೆಕ್ಕಕ್ಕೆ ಹನ್ನೊಂದು ಜನರೂ ಬೇಕಾದರು, ಯಾರ ಕೆಲಸವೂ ಹೋಗಲಿಲ್ಲ. ಮೊದಲ ಸಲ ಹನ್ನೊಂದು ಜನರೂ ಒಂದೇ ಹೊತ್ತಿಗೆ ಮನೆಗೆ ಹೊರಟೆವು. ಅದನ್ನು ಕಂಡ ಮ್ಯಾನೇಜರ್ ಚೀಟಿ ಬರೆಯುವ ಕೆಲಸವನ್ನು ಅವಳಿಗೇ ಕೊಟ್ಟರು.

ಅವತ್ತು ಸಂಜೆ ಬಸ್ ನಿಲ್ದಾಣದವರೆಗೆ ನಾನು ಅವಳಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದೆ. ಅವಳೇ ಮೆಲ್ಲಗೆ ಶುರುಮಾಡಿದಳು.

"ಅಕ್ಕಾ, ನೀವು ನಲವತ್ತು ನಿಮಿಷದಲ್ಲಿ ಮುಗಿಸಿದ ದಿನ ನಾನು ಬಚ್ಚಲಲ್ಲಿ ನಿಂತು ಅತ್ತಿದ್ದೆ. ಎಷ್ಟು ಓದಿದ್ರೇನು, ಇವರ ಹಾಗೆ ಆಗಲ್ವಲ್ಲ ಅಂತ. ಅಷ್ಟು ಹೊಟ್ಟೆಕಿಚ್ಚಾಗಿತ್ತು ನಿಮ್ಮ ಮೇಲೆ."

"ನಿಜವಾಗ್ಲೂ?"

"ನಿಜವಾಗ್ಲೂ."

ಬಸ್ಸು ಬಂತು. ನಾನು ಹತ್ತಲಿಲ್ಲ, ಅವಳನ್ನೂ ಹತ್ತಲು ಬಿಡಲಿಲ್ಲ. "ಇನ್ನೊಂದ್ಸಲ ಹೇಳೇ" ಎಂದೆ.